ಹಾಸಿಗೆ ಇರುವಷ್ಟೇ ದಾರಿ: ಕುಮಾನೊ ಬೆಟ್ಟದ ಹಳ್ಳಿಗಳಲ್ಲಿ ಕಾಲ್ನಡಿಗೆ

ಎಲ್ಲರಿಗೂ ನಮಸ್ಕಾರ. ಜಪಾನಿನ ನಕ್ಷೆಯಲ್ಲಿ ಒಸಾಕಾ ಹುಡುಕಿ, ಅಲ್ಲಿಂದ ಬೆರಳನ್ನು ಕೆಳಕ್ಕೆ ಇಳಿಸಿ. ಸಮುದ್ರದೊಳಕ್ಕೆ ಚಾಚಿಕೊಂಡ ದೊಡ್ಡದೊಂದು ಭೂಭಾಗ ಸಿಗುತ್ತದೆ. ಅದು ಕೀ ಪರ್ಯಾಯ ದ್ವೀಪ. ಬಯಲು ಅಂತ ಇದ್ದರೆ ಕಡಲಂಚಿನಲ್ಲಿ ಒಂದಿಷ್ಟು, ಒಳಗೆ ಹೋದರೆ ಬೆಟ್ಟದ ಹಿಂದೆ ಬೆಟ್ಟ. ಈ ಸೀಮೆಯಲ್ಲಿ ಹೊಂಗು, ಹಾಯಾತಾಮಾ, ನಾಚಿ ಅಂತ ಮೂರು ದೊಡ್ಡ ದೇವಸ್ಥಾನಗಳಿವೆ. ಅಲ್ಲಿಗೆ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಜನ ನಡೆದು ನಡೆದು ಸವೆಸಿದ ದಾರಿಗಳಿಗೆ ಕುಮಾನೊ ಕೊಡೊ ಎನ್ನುತ್ತಾರೆ. ಒಂದೇ ದಾರಿ ಅಲ್ಲ, ಹಲವು. 2004ರಲ್ಲಿ ಇವು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ನಾನು ಇವತ್ತು ಮಾತಾಡುವುದು ಅವುಗಳಲ್ಲಿ ನಾಕಾಹೆಚಿ ಎಂಬ ದಾರಿಯ ಬಗ್ಗೆ. ಬೆಟ್ಟದ ಹಳ್ಳಿಗಳ ಒಳಗಿಂದಲೇ ಹಾದು ಹೋಗುವ ದಾರಿ ಅದು.

ಇಂಥ ಯಾತ್ರೆಗೆ ಹೊರಡುವವರು ಮೊದಲು ಕೇಳುವುದು ಬೂಟು ಯಾವುದು, ಬ್ಯಾಗು ಎಷ್ಟು ಲೀಟರು, ದಿನಕ್ಕೆ ಎಷ್ಟು ಕಿಲೋಮೀಟರು ಅಂತ. ಕೇಳಬೇಕಾದದ್ದೇ. ಆದರೆ ಕುಮಾನೊದಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ರಾತ್ರಿ ಯಾವ ಹಳ್ಳಿಯಲ್ಲಿ, ಯಾರ ಮನೆಯಲ್ಲಿ ಹಾಸಿಗೆ ಇದೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಲ್ಲಿ ಗಾದೆಯಿದೆ ಅಲ್ವಾ, ಅಲ್ಲಿ ಅದು ಅಕ್ಷರಶಃ ನಿಜ. ಹಾಸಿಗೆ ಎಲ್ಲಿದೆಯೋ ಅಲ್ಲಿವರೆಗೆ ಮಾತ್ರ ಆ ದಿನದ ನಡಿಗೆ. ಆ ಹಾಸಿಗೆ ಹಾಸಿಕೊಡುವ ಮನೆಗಳು ಕಡಿಮೆಯಾಗುತ್ತಿವೆ. ಇವತ್ತಿನ ನನ್ನ ಮಾತೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ.

ಮೊದಲು ಒಂಚೂರು ಚರಿತ್ರೆ. ಉದಾ ಎಂಬ ನಿವೃತ್ತ ಚಕ್ರವರ್ತಿ 907ರಲ್ಲಿ ಕುಮಾನೊಗೆ ಬಂದ ದಾಖಲೆಯಿದೆ. 1090ರಲ್ಲಿ ಇನ್ನೊಬ್ಬ ನಿವೃತ್ತ ಚಕ್ರವರ್ತಿ ಶಿರಾಕಾವಾ ಬಂದ ಮೇಲೆ ಅರಮನೆಯವರಿಗೆ ಇದು ರೂಢಿಯೇ ಆಯಿತು. ಅವನ ನಂತರದವರಲ್ಲಿ ಗೋ-ಶಿರಾಕಾವಾ ಮೂವತ್ತಕ್ಕೂ ಹೆಚ್ಚು ಸಲ ಬಂದ, ಗೋ-ತೋಬಾ 28 ಸಲ. ಕ್ಯೋಟೋದಿಂದ ಹೊರಟು ವಾಪಸ್ ಮನೆ ಸೇರಲು ಹತ್ತಿರ ಹತ್ತಿರ ಒಂದು ತಿಂಗಳು ಬೇಕಿದ್ದ ಕಾಲ ಅದು, ಸುಮ್ನೆ ಅಲ್ಲ. ಗೋ-ತೋಬಾನ ಜೊತೆ 1201ರಲ್ಲಿ ಫುಜಿವಾರಾ ನೊ ತೇಯಿಕಾ ಎಂಬ ಕವಿ ಬಂದಿದ್ದ. ಅವನ ದಿನಚರಿ ಇವತ್ತಿಗೂ ಉಳಿದಿದೆ. ಅದರಲ್ಲಿ ಭಕ್ತಿಯಷ್ಟೇ ಸುಸ್ತೂ ಇದೆ. ಮೈ ಸರಿಯಿಲ್ಲ, ಚಳಿ, ಮಳೆ. ಕೊನೆಯ ಬೆಟ್ಟಗಳ ಕಷ್ಟವನ್ನು ಬರೆದು ತೋರಿಸಲು ಆಗುವುದಿಲ್ಲ ಅಂತ ಅವನು ಕೈಚೆಲ್ಲುತ್ತಾನೆ. ಎಂಟು ನೂರು ವರ್ಷ ಕಳೆದ ಮೇಲೂ ಆ ಜಾಗದಲ್ಲಿ ನಿಂತವರು ಅವನ ಮಾತನ್ನು ಒಪ್ಪುತ್ತಾರೆ. ಆಮೇಲೆ ಸಾಮಾನ್ಯ ಜನ ಬರತೊಡಗಿದರು. ಎಷ್ಟು ಜನ ಅಂದರೆ, ಕುಮಾನೊಗೆ ಹೋಗುವ ಇರುವೆ ಸಾಲು ಅನ್ನುವ ಮಾತೇ ಜಪಾನಿ ಭಾಷೆಯಲ್ಲಿ ಹುಟ್ಟಿಕೊಂಡಿತು.

ಸಾಮಾನ್ಯರು ಇಷ್ಟೊಂದು ಬಂದದ್ದಕ್ಕೆ ಒಂದು ಕಾರಣವಿದೆ, ಅದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಕುಮಾನೊ ಯಾರನ್ನೂ ಬಾಗಿಲಲ್ಲಿ ನಿಲ್ಲಿಸಲಿಲ್ಲ. ಹೊಂಗು ದೇವಸ್ಥಾನಕ್ಕೆ ಇನ್ನೇನು ಒಂದು ಗಂಟೆ ದಾರಿ ಇದೆ ಅನ್ನುವಲ್ಲಿ ಫುಶಿಓಗಾಮಿ ಅಂತ ಒಂದು ಗುಡ್ಡದಂಚಿನ ಹಳ್ಳಿಯಿದೆ. ದೇವಸ್ಥಾನದ ಬಯಲು ದೂರದಿಂದ ಮೊದಲು ಕಾಣುವುದು ಅಲ್ಲಿಂದ. ಹೆಯಾನ್ ಕಾಲದ, ಅಂದರೆ ಸುಮಾರು ಸಾವಿರ ವರ್ಷ ಹಿಂದಿನ ಕವಯಿತ್ರಿ ಇಜುಮಿ ಶಿಕಿಬು ಅಲ್ಲಿಗೆ ಬಂದಾಗ ಮುಟ್ಟಾದಳಂತೆ. ಇಷ್ಟು ದೂರ ನಡೆದು ಬಂದೂ ದರ್ಶನ ಇಲ್ಲವಲ್ಲ ಅಂತ ನೊಂದು ಪದ್ಯ ಬರೆದಳು. ಆ ರಾತ್ರಿ ದೇವರು ಕನಸಿನಲ್ಲಿ ಪದ್ಯದಲ್ಲೇ ಉತ್ತರ ಕೊಟ್ಟ, ಅದೇನೂ ಅಡ್ಡಿಯಿಲ್ಲ, ಬಾ ಅಂತ. ಇದು ಐತಿಹ್ಯ, ಚರಿತ್ರೆ ಅಲ್ಲ. ಆದರೆ ಶತಮಾನಗಳ ಕಾಲ ಈ ಕಥೆಯನ್ನು ಜನ ಹೇಳಿಕೊಂಡು ಬಂದರು, ಹೆಣ್ಣುಮಕ್ಕಳು ಕೇಳಿಕೊಂಡು ಬಂದರು. 1274ರಲ್ಲಿ ಇಪ್ಪೆನ್ ಎಂಬ ಬೌದ್ಧ ಸನ್ಯಾಸಿಗೂ ಇಲ್ಲೇ ಅರಿವಾಯಿತು ಎನ್ನುತ್ತಾರೆ: ನಂಬುವವರು, ನಂಬದವರು, ಮಡಿ, ಮೈಲಿಗೆ, ಯಾವುದನ್ನೂ ನೋಡದೆ ಎಲ್ಲರಿಗೂ ಅಮಿದಾ ಬುದ್ಧನ ನಾಮದ ಚೀಟಿ ಹಂಚು ಅಂತ ಕುಮಾನೊ ದೇವರು ಅವನಿಗೆ ಹೇಳಿದನಂತೆ. ಅದೇ ಯುನೆಸ್ಕೊ ಪಟ್ಟಿಯಲ್ಲಿರುವ ಓಮಿನೆ ಬೆಟ್ಟದ ಶಿಖರಕ್ಕೆ ಹೆಣ್ಣುಮಕ್ಕಳಿಗೆ ಇವತ್ತಿಗೂ ಪ್ರವೇಶ ಇಲ್ಲ. ಅಕ್ಕಪಕ್ಕದ ಬೆಟ್ಟಗಳೇ. ಅದಕ್ಕೇ ಕುಮಾನೊದ ಮಾತಿಗೆ ಅಷ್ಟು ಬೆಲೆ.

ಈಗ ದಾರಿಗೆ ಬರೋಣ. ಕೀ-ತಾನಾಬೆ ರೈಲು ನಿಲ್ದಾಣದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹೋದರೆ ತಾಕಿಜಿರಿ. ಅಲ್ಲಿಂದ ಹೊಂಗುವಿಗೆ ಸುಮಾರು 38 ಕಿಲೋಮೀಟರ್. ಸಣ್ಣ ಗುಡಿಯ ಹಿಂದಿನಿಂದಲೇ ಏರು ಶುರು, ಮೈ ಬೆಚ್ಚಗಾಗುವಷ್ಟೂ ಪುರುಸೊತ್ತಿಲ್ಲ. ಸೀಡರ್ ಮರದ ಬೇರುಗಳು ಮೆಟ್ಟಿಲಿನ ಹಾಗೆ ಹೆಣೆದುಕೊಂಡಿರುತ್ತವೆ. ಮಳೆ ಬಂದಿದ್ದರೆ ಬೇರಿನ ಮೇಲೆ ಕಾಲಿಡಬೇಡಿ, ಪಕ್ಕದ ಮಣ್ಣಿನ ಮೇಲೆ ಇಡಿ. ಕೀ ಬೆಟ್ಟಗಳು ಜಪಾನಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳ ಸಾಲಿಗೆ ಸೇರಿದವು, ಹಾಗಾಗಿ ಒಣಗಿದ ಬೇರು ಸಿಗುವುದೇ ಅಪರೂಪ. ಪ್ರತಿ 500 ಮೀಟರಿಗೆ ಒಂದು ಅಂಕಿಯ ಕಂಬ ನೆಟ್ಟಿದ್ದಾರೆ. ಹೊಂಗು ಮುಟ್ಟುವ ಹೊತ್ತಿಗೆ ಅಂಕಿ 75. ಇದು ಬರೀ ದೂರ ಲೆಕ್ಕ ಹಾಕಲು ಅಲ್ಲ. ಕಾಲು ಉಳುಕಿ ಎಲ್ಲೋ ಕೂತುಬಿಟ್ಟರೆ ಫೋನಿನಲ್ಲಿ ಅಂಕಿ ಹೇಳಿದರೆ ಸಾಕು, ನೀವು ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ. ದಾರಿಯುದ್ದಕ್ಕೂ ಓಜಿ ಎನ್ನುವ ಚಿಕ್ಕ ಗುಡಿಗಳಿವೆ. ಪರಂಪರೆಯಲ್ಲಿ 99 ಓಜಿ ಎನ್ನುತ್ತಾರೆ. ಕೆಲವು ಕಡೆ ಗುಡಿ ಹೋಗಿ ಬರೀ ಕಲ್ಲು ಉಳಿದಿದೆ. ಪಕ್ಕದಲ್ಲಿ ಹಕ್ಕಿಗೂಡಿನಂಥ ಮರದ ಪೆಟ್ಟಿಗೆ, ಅದರೊಳಗೆ ರಬ್ಬರ್ ಮುದ್ರೆ. ಪುಸ್ತಕದಲ್ಲಿ ಒತ್ತಿಕೊಂಡು ಮುಂದೆ ಹೋಗುವುದು. ದೊಡ್ಡವರೂ ಇದರಲ್ಲಿ ಎಷ್ಟು ಖುಷಿಪಡುತ್ತಾರೆ ಅಂತ ನೋಡಿಯೇ ತಿಳಿಯಬೇಕು.

ಸುಮಾರು ನಾಲ್ಕು ಕಿಲೋಮೀಟರ್ ಏರಿದರೆ ತಾಕಹಾರಾ. ಬೆಟ್ಟದ ಹೆಗಲ ಮೇಲಿನ ಹಳ್ಳಿ. ಮೆಟ್ಟಿಲು ಗದ್ದೆ, ಭಾರೀ ಕರ್ಪೂರದ ಮರಗಳ ನಡುವೆ ಹಳೆಯ ಗುಡಿ, ಬೆಳಿಗ್ಗೆ ಕಣಿವೆ ತುಂಬ ಮಂಜು. ತುಂಬಾ ಜನ ಇಲ್ಲಿ ನೀರು ಕುಡಿದು, ಫೋಟೊ ತೆಗೆದು, ಅಂದೇ ಹದಿಮೂರನೇ ಕಿಲೋಮೀಟರಿನ ಚಿಕಾತ್ಸುಯುವರೆಗೆ ನಡೆಯುತ್ತಾರೆ. ನಡೆಯಬಹುದು, ಕಷ್ಟವೇನಿಲ್ಲ. ಆದರೆ ನನ್ನ ಮಾತು ಕೇಳುವುದಾದರೆ ತಾಕಹಾರಾದಲ್ಲಿ ಒಂದು ರಾತ್ರಿ ಉಳಿಯಿರಿ.

ಅಲ್ಲಿಯ ವಸತಿಗೆ ಮಿನ್‌ಶುಕು ಎನ್ನುತ್ತಾರೆ. ಮನೆಯವರೇ ತಮ್ಮ ಮನೆಯಲ್ಲಿ ಒಂದಷ್ಟು ಕೋಣೆ ಬಿಟ್ಟುಕೊಟ್ಟು ನಡೆಸುವ ವಸತಿ. ಹೋಟೆಲ್ ಅಂದುಕೊಂಡು ಹೋದರೆ ಇಬ್ಬರಿಗೂ ಇರಿಸುಮುರಿಸು. ಬಾಗಿಲಲ್ಲೇ ಬೂಟು ಬಿಡಬೇಕು, ಬೂಟಿನ ಮೂತಿ ಹೊರಗೆ ತಿರುಗಿಸಿ ಇಡಬೇಕು. ಒಳಗೆ ಒಂದು ಚಪ್ಪಲಿ, ಶೌಚಾಲಯಕ್ಕೆ ಬೇರೆ ಚಪ್ಪಲಿ, ಚಾಪೆಯ ಕೋಣೆಗೆ ಬರಿಗಾಲು. ಸಂಜೆ ಐದಕ್ಕೆ ಊರಿನ ಧ್ವನಿವರ್ಧಕದಲ್ಲಿ ಒಂದು ರಾಗ ಕೇಳುತ್ತದೆ, ಅಷ್ಟರಲ್ಲಿ ನೀವು ಮನೆ ಸೇರಿರಬೇಕು. ಮೊದಲು ಸ್ನಾನ. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ: ಸೋಪು ಹಚ್ಚಿ ಮೈ ತೊಳೆಯುವುದೆಲ್ಲ ತೊಟ್ಟಿಯ ಹೊರಗೆ, ಸಣ್ಣ ಸ್ಟೂಲಿನ ಮೇಲೆ ಕೂತು. ಕೊಳೆ ಪೂರ್ತಿ ಹೋದ ಮೇಲೆ ಬಿಸಿನೀರಿನ ತೊಟ್ಟಿಗೆ ಇಳಿಯುವುದು. ಆ ನೀರು ನಿಮಗೊಬ್ಬರಿಗೆ ಅಲ್ಲ, ಆ ರಾತ್ರಿ ಮನೆಯಲ್ಲಿರುವ ಎಲ್ಲರಿಗೂ ಅದೇ ನೀರು. ಎದ್ದು ಬರುವಾಗ ತೊಟ್ಟಿಯ ನೀರನ್ನು ಹೊರಗೆ ಬಿಟ್ಟುಬಿಟ್ಟರೆ ನಿಮ್ಮ ಹಿಂದೆ ಕಾದಿರುವವರಿಗೆ ತಣ್ಣೀರೂ ಇಲ್ಲ.

ಆರು ಗಂಟೆಗೆ ಊಟ. ಚಿಕ್ಕ ಚಿಕ್ಕ ಬಟ್ಟಲುಗಳು, ಒಂದೊಂದರಲ್ಲೂ ಒಂದೊಂದು ಪದಾರ್ಥ, ಹೆಚ್ಚಿನದು ಅದೇ ಕಣಿವೆಯದು. ಮನೆಯಾಕೆಗೆ ಇಂಗ್ಲಿಷ್ ಬರುವುದಿಲ್ಲ, ನಮಗೆ ಜಪಾನಿ ಬರುವುದಿಲ್ಲ. ಆದರೂ ಯಾವ ಪದಾರ್ಥವನ್ನು ಯಾವುದರಲ್ಲಿ ಅದ್ದಬೇಕು ಅಂತ ಆಕೆ ಕೈ ಹಿಡಿದು ತೋರಿಸುತ್ತಾರೆ, ಅನ್ನ ಮುಗಿದರೆ ಇನ್ನಷ್ಟು ಬಡಿಸುತ್ತಾರೆ. ಮಾರನೆ ಬೆಳಿಗ್ಗೆ ಹೊರಡುವಾಗ ಕೈಗೊಂದು ಬುತ್ತಿ. ಬಿಚ್ಚಿದರೆ ಮೆಹಾರಿ-ಜುಶಿ: ಉಪ್ಪಿನಲ್ಲಿ ಹಾಕಿಟ್ಟ ಸಾಸಿವೆ ಜಾತಿಯ ದೊಡ್ಡ ಸೊಪ್ಪಿನೆಲೆಯಲ್ಲಿ ಸುತ್ತಿದ ಅನ್ನದ ಉಂಡೆ. ಎಲೆಯ ಉಪ್ಪು ಅನ್ನಕ್ಕೆ ಇಳಿದಿರುತ್ತದೆ. ಬೆವರು ಸುರಿಸಿ ಏರು ಹತ್ತಿದವರಿಗೆ ಬೇಕಾದ್ದು ಅದೇ ಉಪ್ಪು. ಕಾಡಿನಲ್ಲಿ ಕೆಲಸ ಮಾಡುವವರಿಗೆ ಅಂತಲೇ ಹುಟ್ಟಿದ ಬುತ್ತಿ ಅದು.

ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದವರಿಗೆ ಗೊತ್ತು, ದಾರಿಯಲ್ಲಿ ನೀರು ಮಜ್ಜಿಗೆ ಕೊಡುವವರು ಇರುತ್ತಾರೆ, ಅನ್ನ ಹಾಕುವವರು ಇರುತ್ತಾರೆ, ರಾತ್ರಿ ಎಲ್ಲಾದರೂ ಜಗಲಿ ಸಿಗುತ್ತದೆ. ಆ ಧೈರ್ಯದಲ್ಲಿ ಕುಮಾನೊಗೆ ಹೋಗಬೇಡಿ. ಅಲ್ಲಿ ತಿಂಗಳುಗಳ ಮೊದಲೇ ಹಾಸಿಗೆ ಗೊತ್ತುಮಾಡಿಕೊಂಡಿರಬೇಕು. ಅದು ಒರಟುತನ ಅಲ್ಲ. ಒಂದು ಮನೆಯಲ್ಲಿ ಇರುವುದು ಕೆಲವೇ ಕೋಣೆ, ನೋಡಿಕೊಳ್ಳುವವರು ವಯಸ್ಸಾದ ಗಂಡಹೆಂಡತಿ, ಅಕ್ಕಿ ತರಕಾರಿ ತರಬೇಕಾದರೂ ಬೆಟ್ಟ ಇಳಿದು ಹೋಗಬೇಕು. ಇಬ್ಬರು ಜಾಸ್ತಿ ಬಂದರೂ ಅವರಿಗೆ ಆಗುವುದಿಲ್ಲ.

ತಾಕಹಾರಾ ದಾಟಿ ಕಾಡಿಗೆ ಹೊಕ್ಕ ಮೇಲೆ ಕಣ್ಣಿಗೆ ಬೀಳುವ ಒಂದು ಸಂಗತಿ ಹೇಳುತ್ತೇನೆ. ನೆಟ್ಟಗೆ ಬೆಳೆದ ಸೀಡರ್, ಹಿನೊಕಿ ಮರಗಳು ಸಾಲಾಗಿ ನಿಂತಿರುತ್ತವೆ. ಬುಡದಲ್ಲಿ ಹಗಲಲ್ಲೂ ಅರೆಗತ್ತಲು. ಸ್ವಲ್ಪ ಹೊತ್ತು ನಿಂತು ನೋಡಿದರೆ ಮರಗಳ ನಡುವೆ ಪಾಚಿ ಹಿಡಿದ ಕಲ್ಲಿನ ಕಟ್ಟೆಗಳು ಕಾಣುತ್ತವೆ. ಒಂದರ ಮೇಲೊಂದು, ಗುಡ್ಡದ ಮೈಗೆ ಹೊಂದಿಕೊಂಡು ಬಾಗಿ, ಎದೆಮಟ್ಟಕ್ಕೆ ಎದ್ದ ಕಟ್ಟೆಗಳು. ಗಾರೆಯಿಲ್ಲ, ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ್ದು. ಕೋಟೆಯೂ ಅಲ್ಲ, ಗುಡಿಯೂ ಅಲ್ಲ. ಅವು ಗದ್ದೆಗಳು! ಯಾರೋ ಕಲ್ಲು ಹೊತ್ತು, ಮಣ್ಣು ತುಂಬಿ, ನೀರು ಹಾಯಿಸಿ ತಲೆಮಾರುಗಟ್ಟಲೆ ಭತ್ತ ಬೆಳೆದ ಜಾಗ. ಎರಡನೇ ಮಹಾಯುದ್ಧದ ನಂತರ ಮರಕ್ಕೆ ಬೇಡಿಕೆ ಏರಿ, ದೇಶದ ತುಂಬ ಸೀಡರ್ ನೆಟ್ಟರು. ಹಳ್ಳಿಯ ಮಕ್ಕಳು ಕೆಲಸ ಹುಡುಕಿಕೊಂಡು ಪಟ್ಟಣ ಸೇರಿದರು. ಗದ್ದೆ ಮಾಡುವವರಿಲ್ಲದೆ ಅಲ್ಲೂ ಮರ ಬಂತು. ಆಮೇಲೆ ಹೊರದೇಶದ ಅಗ್ಗದ ಮರ ಬಂದು ಇದನ್ನು ಕಡಿಯುವುದೂ ಗಿಟ್ಟದ ಹಾಗಾಯಿತು. ನಾವು ಎಷ್ಟು ದಟ್ಟ ಕಾಡು ಅಂತ ಮೆಚ್ಚಿಕೊಂಡು ನಡೆಯುತ್ತಿರುವುದು ಕೆಲವು ಕಡೆ ಒಂದು ಊರಿನ ಮೇಲೆ.

ಅಲ್ಲಲ್ಲಿ ಫಲಕಗಳು ಸಿಗುತ್ತವೆ, ಇಲ್ಲಿ ಚಹಾ ಅಂಗಡಿ ಇತ್ತು, ಇಲ್ಲಿ ವಸತಿಮನೆಗಳ ಸಾಲಿತ್ತು ಅಂತ. ಹಾಗೆಯೇ ಉಳಿದದ್ದೂ ಇದೆ, ಯಾರೋ ಜಗಳವಾಡಿ ಉಳಿಸಿದ್ದರಿಂದ. ತ್ಸುಗಿಜಾಕುರಾ-ಓಜಿಯ ಬಳಿ ಕೆಲವು ಭಾರೀ ಸೀಡರ್ ಮರಗಳಿವೆ. ಅವುಗಳ ಕೊಂಬೆಗಳೆಲ್ಲ ದಕ್ಷಿಣಕ್ಕೆ, ಅಂದರೆ ನಾಚಿಯ ದಿಕ್ಕಿಗೆ ಚಾಚಿವೆ. 1906ರಲ್ಲಿ ಸರ್ಕಾರ ಚಿಕ್ಕ ಗುಡಿಗಳನ್ನೆಲ್ಲ ದೊಡ್ಡ ಗುಡಿಗಳಲ್ಲಿ ವಿಲೀನ ಮಾಡಿ ಅಂತ ಆದೇಶ ಹೊರಡಿಸಿತು. ಗುಡಿ ಹೋದರೆ ಗುಡಿಯ ಸುತ್ತಲಿನ ದೇವರಕಾಡೂ ಮಾರಾಟಕ್ಕೆ ಬಿತ್ತು ಅಂತಲೇ ಅರ್ಥ. ತಾನಾಬೆಯಲ್ಲಿದ್ದ ವಿಜ್ಞಾನಿ ಮಿನಾಕಾತಾ ಕುಮಾಗುಸು ಇದರ ವಿರುದ್ಧ ಪತ್ರಿಕೆಗಳಲ್ಲಿ ಬರೆದರು, ಅಧಿಕಾರಿಗಳ ಹಿಂದೆ ಬಿದ್ದರು, 1910ರಲ್ಲಿ ಒಂದು ಸಭೆಗೆ ನುಗ್ಗಿ ಜೈಲಿಗೂ ಹೋದರು. ಈ ಮರಗಳು ಕೊಡಲಿಗೆ ಸಿಗದೆ ಉಳಿದದ್ದರಲ್ಲಿ ಅವರ ಪಾಲಿದೆ. ಅಲ್ಲಿಗೆ ಹೋದರೆ ಐದು ನಿಮಿಷ ಜಾಸ್ತಿ ನಿಲ್ಲಿ.

ಹೊಂಗು ದೇವಸ್ಥಾನದ ಕಥೆಯೂ ಈ ಕಾಡಿಗೇ ಹೊಂದಿಕೊಂಡಿದೆ. ಈಗ ಅದು ಗುಡ್ಡದ ಮೇಲಿದೆ. ಮೊದಲು ಇದ್ದದ್ದು ಕೆಳಗೆ, ನದಿಗಳು ಸೇರುವ ಓಯುನೊಹಾರಾ ಎಂಬ ಮರಳು ದಿಣ್ಣೆಯ ಮೇಲೆ. ಯಾತ್ರಿಗಳು ನೀರಿಗಿಳಿದು ದಾಟಿಯೇ ಒಳಗೆ ಹೋಗುತ್ತಿದ್ದರು. 1889ರ ಮಹಾ ಪ್ರವಾಹದಲ್ಲಿ ಹೆಚ್ಚಿನ ಕಟ್ಟಡಗಳು ಕೊಚ್ಚಿಹೋದವು. ಉಳಿದದ್ದನ್ನು ಮೇಲಕ್ಕೆ ಸಾಗಿಸಿದರು. ಮೇಲಿನ ಬೆಟ್ಟಗಳ ಮರ ಕಡಿದದ್ದೂ ಒಂದು ಕಾರಣ ಎನ್ನುತ್ತಾರೆ. ಅದೇ ಮಳೆಯಲ್ಲಿ ಒಳನಾಡಿನ ತೋತ್ಸುಕಾವಾ ಕಣಿವೆಯಲ್ಲಿ ಗುಡ್ಡಗಳೇ ಜಾರಿ, ಸುಮಾರು 2,500 ಜನ ಊರು ಬಿಟ್ಟು ದೇಶದ ಉತ್ತರದ ತುದಿ ಹೊಕ್ಕೈಡೊಗೆ ಹೋಗಿ ಹೊಸ ಹಳ್ಳಿ ಕಟ್ಟಿಕೊಂಡರು. ಆ ಹಳ್ಳಿಗೆ ಶಿನ್-ತೋತ್ಸುಕಾವಾ, ಹೊಸ ತೋತ್ಸುಕಾವಾ ಅಂತಲೇ ಹೆಸರು. ಓಯುನೊಹಾರಾದಲ್ಲಿ 2000ದಲ್ಲಿ ನಿಲ್ಲಿಸಿದ 33.9 ಮೀಟರ್ ಎತ್ತರದ ತೋರಣದ ಹೆಬ್ಬಾಗಿಲು ಈಗ ಎಲ್ಲರ ಫೋಟೊದಲ್ಲೂ ಇದೆ. ಫೋಟೊ ಆದ ಮೇಲೆ ಒಳಗಿನ ಖಾಲಿ ಬಯಲಿಗೂ ಹೋಗಿ ಬನ್ನಿ. 2011ರ ಸೆಪ್ಟೆಂಬರಿನ ಚಂಡಮಾರುತದಲ್ಲಿ ಮತ್ತೆ ಈ ಸೀಮೆಗೆಲ್ಲ ಭಾರೀ ಹಾನಿಯಾಯಿತು. ದಾರಿಯ ಒಂದು ಭಾಗ ಕುಸಿದು, ಯಾತ್ರಿಗಳನ್ನು ಬಳಸು ದಾರಿಯಲ್ಲಿ ಕಳಿಸಬೇಕಾಯಿತು. ಇಂಥ ದಾರಿ ತಾನಾಗಿ ಉಳಿಯುವುದಿಲ್ಲ. ಬಿದ್ದ ಮರ ಎಳೆದು ಹಾಕುವವರು, ಮಣ್ಣು ಹೊತ್ತು ತುಂಬುವವರು ಅಲ್ಲೇ ವಾಸ ಇರಬೇಕು.

ಹೊಂಗು ಹತ್ತಿರದ ಯುನೊಮಿನೆ ಬಗ್ಗೆ ಎರಡೇ ಮಾತು. ಬಿಸಿನೀರಿನ ಬುಗ್ಗೆಯ ಪುಟ್ಟ ಊರು. ಹಳ್ಳದ ಮಧ್ಯೆ ಮರದ ಗುಡಿಸಲಿನೊಳಗೆ ತ್ಸುಬೊಯು ಎಂಬ ಹಳೆಯ ಸ್ನಾನದ ಗುಂಡಿಯಿದೆ. ಅದೂ ವಿಶ್ವ ಪರಂಪರೆಯ ಭಾಗ. ಇಬ್ಬರು ಮೂವರು ಹಿಡಿಸುವಷ್ಟು ಜಾಗ, ಅರ್ಧ ಗಂಟೆಯ ಸರದಿ. ಕಾಲು ನೋವಿಗೆ ಇದಕ್ಕಿಂತ ಒಳ್ಳೆಯ ಮದ್ದು ಆ ದಾರಿಯಲ್ಲಿಲ್ಲ.

ಹೊಂಗುವಿನಿಂದ ನಾಚಿಗೆ ಹೋಗುವುದು ಬೇರೆಯೇ ಕೆಲಸ. ಮೊದಲ ದಿನ ಹೊಂಗು ಹತ್ತಿರದ ಉಕೆಗಾವಾದಿಂದ ಸುಮಾರು 13 ಕಿಲೋಮೀಟರ್, ಕೊಗುಚಿಯವರೆಗೆ. ಮಾರನೆಯ ದಿನ ಹದಿನಾಲ್ಕು ಹದಿನೈದು ಕಿಲೋಮೀಟರ್, ಅದರಲ್ಲಿ ದೋಗಿರಿ-ಜಾಕಾ ಎಂಬ ಏರು. ಮೈ ಮುರಿಯುವ ಏರು ಅಂತ ಜನ ಇಟ್ಟ ಹೆಸರು. ಸುಮಾರು 800 ಮೀಟರ್ ಮೇಲಕ್ಕೆ ಹತ್ತಿದರೆ 870 ಮೀಟರ್ ಎತ್ತರದ ಎಚಿಜೆನ್ ಘಟ್ಟದ ನೆತ್ತಿ. ತೇಯಿಕಾ ಕೈಚೆಲ್ಲಿದ್ದು ಈ ಬೆಟ್ಟಗಳಲ್ಲೇ. ಮಧ್ಯೆ ಎಲ್ಲೂ ಅಂಗಡಿ ಇಲ್ಲ, ಬಸ್ಸಿಲ್ಲ. ಬೆಳಿಗ್ಗೆ ಬೇಗ ಹೊರಡಲೇಬೇಕು. ಹಾಗಾಗಿ ಹಿಂದಿನ ರಾತ್ರಿ ಕೊಗುಚಿಯಲ್ಲಿ ಮಲಗುವುದು ಬಿಟ್ಟು ಬೇರೆ ಸುಲಭದ ಉಪಾಯವಿಲ್ಲ. ಅಲ್ಲಿ ಯಾತ್ರಿಗಳಿಗೆ ಜಾಗ ಕೊಡುವ ದೊಡ್ಡ ಕಟ್ಟಡ ಯಾವುದು ಗೊತ್ತಾ? ಹಿಂದೆ ಆ ಊರಿನ ಶಾಲೆಯಾಗಿದ್ದದ್ದು. ಮಕ್ಕಳು ಇಲ್ಲವಾದರು, ಶಾಲೆ ಮುಚ್ಚಿತು, ಕಟ್ಟಡ ವಸತಿಮನೆಯಾಯಿತು. ಮಕ್ಕಳು ಪಾಠ ಕಲಿತ ಕಟ್ಟಡದಲ್ಲಿ ನಾವು ಹಾಸಿಗೆ ಬಿಡಿಸಿ ಮಲಗುತ್ತೇವೆ. ನನಗೆ ಅದು ಬೇಸರ. ಆದರೆ ಆ ಕಟ್ಟಡದಲ್ಲಿ ಸಂಜೆ ದೀಪ ಹಚ್ಚಿ ಅನ್ನ ಬೇಯಿಸುವ ಕೆಲಸ ಇದೆಯಲ್ಲ, ಅದರಿಂದ ಒಂದಷ್ಟು ಜನ ಊರಲ್ಲಿ ಉಳಿದಿದ್ದಾರೆ. ಅದು ಸಮಾಧಾನ. ಎರಡೂ ನಿಜ.

ನಾಚಿಯಲ್ಲಿ 133 ಮೀಟರ್ ಜಲಪಾತ, ಅದೇ ಅಲ್ಲಿ ದೇವರು. ಪಕ್ಕದಲ್ಲೇ ಸೇಗಾಂತೊ-ಜಿ ಎಂಬ ಬೌದ್ಧ ಮಂದಿರ. 1868ರ ಆದೇಶದಿಂದ ಶಿಂತೋ (ಜಪಾನಿನ ಸ್ವಂತ ಧರ್ಮ) ಮತ್ತು ಬೌದ್ಧ ಗುಡಿಗಳನ್ನು ಬೇರೆ ಮಾಡುವವರೆಗೆ ಇಲ್ಲೆಲ್ಲ ಎರಡೂ ಬೆರೆತೇ ಇದ್ದವು. ಇಲ್ಲಿ ಪೂಜೆಗೊಳ್ಳುವ ಕನ್ನೊನ್ ಬೇರೆ ಯಾರೂ ಅಲ್ಲ, ನಮ್ಮ ಅವಲೋಕಿತೇಶ್ವರ. ನಮ್ಮವರಿಗೆ ಇಲ್ಲಿ ಇನ್ನೊಂದು ಆಶ್ಚರ್ಯ ಕಾದಿದೆ. ಅವಲೋಕಿತೇಶ್ವರನ ನೆಲೆ ಪೋತಲಕ ಬೆಟ್ಟ, ಅದು ದಕ್ಷಿಣದ ಕಡಲಿನಾಚೆ ಇದೆ ಅಂತ ಅವರ ನಂಬಿಕೆ. ಬೌದ್ಧ ಗ್ರಂಥಗಳು, ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಹೇಳುವ ಪ್ರಕಾರ ಆ ಬೆಟ್ಟ ಇರುವುದು ದಕ್ಷಿಣ ಭಾರತದಲ್ಲಿ. ಒಂಬತ್ತನೇ ಶತಮಾನದಿಂದ ಹದಿನೆಂಟನೇ ಶತಮಾನದವರೆಗೆ ಆಗಾಗ ನಾಚಿ ತೀರದಿಂದ ಸನ್ಯಾಸಿಗಳು ಮುಚ್ಚಿದ ಸಣ್ಣ ದೋಣಿಯಲ್ಲಿ ಕೂತು, ವಾಪಸ್ ಬರುವ ಯೋಚನೆಯಿಲ್ಲದೆ ಆ ಬೆಟ್ಟಕ್ಕೆ ಅಂತ ಹೊರಟರು. ನಾವು ಅವರ ಬೆಟ್ಟಗಳನ್ನು ಹುಡುಕಿಕೊಂಡು ಹೋದರೆ, ಅವರು ನಮ್ಮ ಕಡೆಯ ಬೆಟ್ಟವೊಂದನ್ನು ಹುಡುಕಿಕೊಂಡು ಪ್ರಾಣವನ್ನೇ ಕೊಟ್ಟಿದ್ದಾರೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲೇ ಸೇರಿಸುತ್ತೇನೆ.

ಸಸ್ಯಾಹಾರಿಗಳು ಹೋಗಬಹುದಾ ಅಂತ ಒಬ್ಬರು ಕೇಳಿದರು. ಹೋಗಬಹುದು, ಆದರೆ ಹಾಸಿಗೆ ಗೊತ್ತುಮಾಡುವಾಗಲೇ ಹೇಳಿ. ಜಪಾನಿನ ಸಾರಿನ ಮೂಲ ತಿಳಿಯಲ್ಲೇ ಸಾಮಾನ್ಯವಾಗಿ ಒಣಮೀನಿನ ತುರಿ ಇರುತ್ತದೆ. ತರಕಾರಿ ಬೇಯಿಸಿದ್ದೂ ಅದರಲ್ಲೇ ಇರಬಹುದು. ಮೀನು ಬೇಡ, ಮೀನಿನ ತಿಳಿಯೂ ಬೇಡ ಅಂತ ಬಿಡಿಸಿ ಹೇಳಿದರೆ ಕೆಲವು ಮನೆಯವರು ಮಾಡಿಕೊಡುತ್ತಾರೆ, ಕೆಲವರು ಆಗುವುದಿಲ್ಲ ಎನ್ನುತ್ತಾರೆ. ಬಾಗಿಲಿಗೆ ಬಂದು ನಿಂತ ಮೇಲೆ ಹೇಳಬೇಡಿ. ಆ ಹೊತ್ತಿಗೆ ಅಡುಗೆ ಆಗಿರುತ್ತದೆ, ಬೇರೆ ತರಲು ಹತ್ತಿರ ಅಂಗಡಿ ಇರುವುದಿಲ್ಲ.

ಖರ್ಚು? ಎರಡು ಹೊತ್ತಿನ ಊಟದ ಸಮೇತ ಒಬ್ಬರಿಗೆ ಒಂದು ರಾತ್ರಿಗೆ 10,000 ಯೆನ್ನಿಗಿಂತ ಮೇಲೆಯೇ ಇಟ್ಟುಕೊಳ್ಳಿ. ನಗದು ಬೇಕೇ ಬೇಕು, ತಾನಾಬೆಯಲ್ಲೇ ತೆಗೆದಿಟ್ಟುಕೊಳ್ಳಿ. ದಾರಿಬದಿಯಲ್ಲಿ ಯಾರೂ ಕಾವಲಿಲ್ಲದ ಪುಟ್ಟ ಕಪಾಟಿನಲ್ಲಿ ಕಿತ್ತಳೆ, ಉಪ್ಪು ಹಾಕಿದ ಉಮೆ ಕಾಯಿ ಇಟ್ಟಿರುತ್ತಾರೆ, ಪಕ್ಕದಲ್ಲಿ ಕಾಸಿನ ಡಬ್ಬಿ. ಅದಕ್ಕೆ 100 ಯೆನ್ ನಾಣ್ಯಗಳನ್ನೂ ಇಟ್ಟುಕೊಳ್ಳಿ. ಮನೆಗಳನ್ನು ಗೊತ್ತುಮಾಡಲು ತಾನಾಬೆ ನಗರದ ಕುಮಾನೊ ಪ್ರವಾಸೋದ್ಯಮ ಬ್ಯೂರೊ ಇಂಗ್ಲಿಷಿನಲ್ಲೇ ವ್ಯವಸ್ಥೆ ಮಾಡಿದೆ. ಭಾರದ ಬ್ಯಾಗನ್ನು ಮುಂದಿನ ಮನೆಗೆ ತಲುಪಿಸುವ ಸೇವೆಯೂ ಇದೆ. ಮಂಡಿ ನೋವಿದ್ದವರು ಸಂಕೋಚಪಡಬೇಡಿ, ಅದನ್ನು ಬಳಸಿ. ಆ ವ್ಯಾನು ಓಡಿಸುವವರೂ ಅದೇ ಸೀಮೆಯವರು.

ಯಾವಾಗ ಹೋಗುವುದು ಅಂದರೆ ಏಪ್ರಿಲ್, ಮೇ, ಇಲ್ಲವೇ ಅಕ್ಟೋಬರ್, ನವೆಂಬರ್. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಅವರಿಗೆ ಸಾಲು ರಜೆ, ಆಗ ಬೇಡ. ಜೂನ್ ಜುಲೈ ಮಳೆ, ಆಗಸ್ಟ್ ಸೆಪ್ಟೆಂಬರ್ ಚಂಡಮಾರುತ.

ಕೊನೆಗೆ ಒಬ್ಬರು ಕೇಳಿದರು, ನನಗೆ ಇರುವುದು ಎರಡೇ ದಿನ, ಹೊಶ್ಶಿನ್‌ಮೊನ್‌ವರೆಗೆ ಬಸ್ಸಿನಲ್ಲಿ ಹೋಗಿ ಕೊನೆಯ ಏಳು ಕಿಲೋಮೀಟರ್ ಇಳಿದು ಹೊಂಗು ನೋಡಿಕೊಂಡು ಬರಲಾ ಅಂತ. ವಯಸ್ಸಾದವರಿದ್ದರೆ, ಮಕ್ಕಳಿದ್ದರೆ ಅದೇ ಮಾಡಿ, ಚೆನ್ನಾಗಿರುತ್ತದೆ, ಫುಶಿಓಗಾಮಿಯೂ ಆ ಭಾಗದಲ್ಲೇ ಸಿಗುತ್ತದೆ. ಕಾಲು ಗಟ್ಟಿ ಇದ್ದರೆ ಮಾತ್ರ ನನ್ನ ಸಲಹೆ ಬೇರೆ. ಮಧ್ಯಾಹ್ನ ತಾಕಿಜಿರಿಯಲ್ಲಿ ಬಸ್ಸಿಳಿಯಿರಿ, ತಾಕಹಾರಾಕ್ಕೆ ಹತ್ತಿ, ರಾತ್ರಿ ಅಲ್ಲೇ ಉಳಿಯಿರಿ. ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಚಿಕಾತ್ಸುಯುವರೆಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಹೊಂಗುಗೆ ಹೋಗಿ. ಬಸ್ಸುಗಳು ಕಡಿಮೆ, ಹಿಂದಿನ ರಾತ್ರಿಯೇ ಮನೆಯವರ ಹತ್ತಿರ ವೇಳಾಪಟ್ಟಿ ನೋಡಿಟ್ಟುಕೊಳ್ಳಿ. ಮತ್ತೆ ವಿಮಾನದ ಟಿಕೆಟ್ ತೆಗೆಸುವ ಮೊದಲೇ ತಾಕಹಾರಾದಲ್ಲಿ ಹಾಸಿಗೆ ಇದೆಯಾ ಅಂತ ಕೇಳಿಬಿಡಿ.